ಕೆರೆಯ ಸುತ್ತಣ ಹಾದಿ

ಹಾದಿಗಳಲ್ಲಿ ಎರಡು ಬಗೆಯುಂಟು. ಒಂದು ಇಲ್ಲಿಂದ ಹೊರಟವನನ್ನು ಬೇರೊಂದು ಊರಿಗೆ ಮುಟ್ಟಿಸುವುದು. ಇನ್ನೊಂದು ಹೊರಟಲ್ಲಿಗೇ ಮರಳಿ ತಂದು ನಿಲ್ಲಿಸುವುದು. ಸಂತೆಗೆ ಹೋಗುವವನ ಹಾದಿ ಮೊದಲನೆಯ ಬಗೆಯದು. ಕೆರೆಯನ್ನು ಬಲಗೊಂಡು ಬರುವವನ ಹಾದಿ ಎರಡನೆಯ ಬಗೆಯದು. ಅವನು ಏರಿಯ ಮೇಲಿನಿಂದ ಹೊರಟು, ಕೋಡಿಯನ್ನು ದಾಟಿ, ಹೊಲದ ಬದುವಿನ ಮೇಲೆ ನಡೆದು, ಹಳ್ಳವು ಕೆರೆಯನ್ನು ಕೂಡುವ ತಾವನ್ನು ಬಳಸಿ, ಮತ್ತೆ ಅದೇ ಏರಿಗೆ ಬರುವನು. ಹೊರಟಲ್ಲಿಗೇ ಬಂದುದಾದರೆ ನಡೆದುದರ ಫಲವೇನು? ಈ ಪ್ರಶ್ನೆಗೆ ಶಿವಯೋಗಿ ಸಿದ್ಧರಾಮರ ಚರಿತೆಯಲ್ಲಿ ಉತ್ತರವಿದೆ.

ಹನ್ನೆರಡನೆಯ ಶತಮಾನದ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. 1960ರ ಮೇ 1ರಂದು ಉದಯವಾದ ಮಹಾರಾಷ್ಟ್ರ ರಾಜ್ಯದಲ್ಲಿ ಅದು ಸೇರಿದ್ದರೂ, ಕನ್ನಡ ಶರಣರ ನೆನಪು ಆ ನೆಲದಿಂದ ಅಳಿದಿಲ್ಲ. ಮುದ್ದುಗೌಡ ಸುಗ್ಗವ್ವೆಯರ ಮಗನಾದ ಸಿದ್ಧರಾಮನು ಬಾಲ್ಯದಲ್ಲಿ ಹೊಲ ಕಾಯುತ್ತಿದ್ದಾಗ ಮಲ್ಲಯ್ಯನು ಜಂಗಮರೂಪದಿಂದ ಬಂದು ಉಣಿಸು ಬೇಡಿದನೆಂದೂ, ಬಾಲಕನು ಮನೆಗೆ ಓಡಿ ಅದನ್ನು ತರುವಷ್ಟರಲ್ಲಿ ಮರೆಯಾದನೆಂದೂ ಚರಿತೆಯು ಹೇಳುವುದು. ಮಲ್ಲಯ್ಯಾ ಎಂದು ಕೂಗುತ್ತ ಆ ಕಂದನು ಶ್ರೀಶೈಲದವರೆಗೆ ಹೋದನು. ಅಲ್ಲಿಯೂ ಕಾಣದೆ ಕಮರಿಗೆ ಬೀಳಹೊರಟಾಗ ಮಲ್ಲಿಕಾರ್ಜುನನು ಕೈಹಿಡಿದು ಉಳಿಸಿದನು. ಉಳಿಸಿದವನು ಅವನನ್ನು ತನ್ನ ಬಳಿಯಲ್ಲಿಯೇ ಇರಿಸಿಕೊಳ್ಳಲಿಲ್ಲ. ನಿನ್ನ ಊರಿಗೆ ಮರಳಿ ಅದನ್ನೇ ಶ್ರೀಶೈಲವನ್ನಾಗಿ ಮಾಡೆಂದು ಕಳುಹಿದನು. ಇದೇ ಸಿದ್ಧರಾಮರ ಮೊದಲನೆಯ ಸುತ್ತು. ಹೋದವನು ಹೊರಟಲ್ಲಿಗೇ ಬಂದನು. ಆದರೆ ಅಳುತ್ತ ಹೋದ ಬಾಲಕನು ಲೋಕದ ಹೊಣೆಯನ್ನು ಹೊತ್ತು ಬಂದನು.

ಸೊನ್ನಲಿಗೆಯು ಬಯಲು ಸೀಮೆ. ಮಳೆ ಕಡಿಮೆ, ಬರವು ಪದೇ ಪದೇ ಬರುವ ನಾಡು. ಅಂತಹ ಕಡೆ ನೀರನ್ನು ನಿಲ್ಲಿಸುವುದೇ ಪ್ರಾಣದಾನ. ಸಿದ್ಧರಾಮರು ಕೆರೆಯನ್ನು ಕಟ್ಟಿಸಿದರು; ಊರ ಸುತ್ತ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು. ಶ್ರೀಶೈಲದ ಬೆಟ್ಟದ ಹಾದಿಯನ್ನು ಏರಲಾರದ ಮುದುಕರೂ ಬಸುರಿಯರೂ ಮಕ್ಕಳೂ ಏರಿಳಿತವಿಲ್ಲದ ಈ ನೆಲದಲ್ಲಿ ನಡೆದೇ ಶಿವನನ್ನು ನೆನೆಯುವಂತಾಯಿತು. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ಇಂದಿಗೂ ನಂದಿಕೋಲುಗಳು ಮೆರವಣಿಗೆಯಲ್ಲಿ ಸಾಗುವುವು. ಆ ಅರುವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುವುದು.

ಕಾಲಿಗೆ ಸುಲಭವಾದುದು ಮನಸ್ಸಿಗೂ ಸುಲಭವೇ? ಅಲ್ಲವೆಂಬುದನ್ನು ಅಲ್ಲಮಪ್ರಭುದೇವರು ತೋರಿಸಿದರು. ಕೆರೆಯ ಕೆಲಸ ನಡೆದಿದ್ದಾಗ ಅವರು ಅಲ್ಲಿಗೆ ಬಂದು, ಊರೆಲ್ಲ ಪೂಜಿಸುತ್ತಿದ್ದ ಸಿದ್ಧರಾಮರನ್ನು ಮಣ್ಣು ಅಗೆಯುವವನೆಂದು ಕರೆದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುವುದು. ಕೆಲಸಗಾರರು ಸಿಟ್ಟಾಗಿ ಕಲ್ಲೆತ್ತಿದರು, ಸಿದ್ಧರಾಮರೂ ಕ್ರೋಧಗೊಂಡರು. ಮಣ್ಣಿನ ಕೆಲಸ ಕೀಳೆಂಬುದು ಪ್ರಭುವಿನ ಅಭಿಪ್ರಾಯವಾಗಿರಲಿಲ್ಲ. ಕಾಯಕವನ್ನು ಶರಣರು ಎಂದೂ ಹಳಿದವರಲ್ಲ. ಮಣ್ಣು ಕಲ್ಲುಗಳ ಕಾಯಕದ ಭೋವಿ ಸಮಾಜದವರು ಸಿದ್ಧರಾಮರನ್ನು ತಮ್ಮ ಗುರುವೆಂದು ಇಂದಿಗೂ ಪೂಜಿಸುವರು. ಪ್ರಭುವು ಮುಟ್ಟಿ ನೋಡಿದುದು ಬೇರೊಂದನ್ನು. ಸಾವಿರಾರು ಜನರ ದಾಹವನ್ನು ತಣಿಸಲು ಕೆರೆ ಕಟ್ಟಿದವನ ಒಳಗೆ ಒಂದು ಮಾತಿಗೆ ಹೊತ್ತಿಕೊಳ್ಳುವ ಬೆಂಕಿಯು ಉಳಿದಿತ್ತು. ಕಟ್ಟಿದವನು ನಾನೆಂಬ ಭಾವವೇ ಆ ಬೆಂಕಿಯ ಉರುವಲು.

ಇದನ್ನರಿತ ಸಿದ್ಧರಾಮರು ಪ್ರಭುವಿನೊಡನೆ ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು. ಸುತ್ತಲೂ ಲಿಂಗಗಳನ್ನು ನಿಲ್ಲಿಸಿದ ಮಹಾನುಭಾವರು ಕಡೆಗೆ ಕರಸ್ಥಲದ ಒಂದು ಲಿಂಗದಲ್ಲಿ ನೆಲೆಗೊಂಡರು. ಆದರೆ ಕೆರೆಯು ಒಡೆಯಲಿಲ್ಲ, ಒಡೆಯಬೇಕೆಂದು ಪ್ರಭುವೂ ಹೇಳಲಿಲ್ಲ. ನೀರು ಉಳಿಯಿತು, ನಾನೆಂಬುದು ಹೋಯಿತು. ಸಿದ್ಧರಾಮರು ಸೊನ್ನಲಿಗೆಗೆ ಮರಳಿದರು. ಅವರ ಯೋಗಸಮಾಧಿಯು ಅಲ್ಲಿಯೇ, ನೀರಿನಿಂದ ಸುತ್ತುವರಿದ ಗುಡಿಯ ಆವರಣದಲ್ಲಿದೆ. ಇದು ಅವರ ಎರಡನೆಯ ಸುತ್ತು.

ಇಷ್ಟಲಿಂಗಧಾರಿಯಾದ ಸದ್ಭಕ್ತನು ಪುಣ್ಯವನ್ನು ಅರಸಿ ಕೆರೆಯನ್ನಾಗಲಿ ಗುಡಿಯನ್ನಾಗಲಿ ಸುತ್ತಬೇಕಾಗಿಲ್ಲ. ಆದರೆ ಸುತ್ತುವಾಗ ಕಣ್ತೆರೆದು ನಡೆದರೆ ಕೆರೆಯೇ ಬೋಧಿಸುವುದು. ಏರಿಯು ಆಚಾರ, ಅದಿಲ್ಲದಿದ್ದರೆ ಬಂದ ನೀರು ನಿಲ್ಲದು. ತೂಬು ದಾಸೋಹ, ಅದು ಮುಚ್ಚಿದ್ದರೆ ನಿಂತ ನೀರು ಬೆಳೆಗೆ ಒದಗದು. ಕೋಡಿಯು ಮಿತಿ, ಅದಿಲ್ಲದಿದ್ದರೆ ತುಂಬಿದ ನೀರೇ ಏರಿಯನ್ನು ಒಡೆಯುವುದು. ಹೂಳು ಮನಸ್ಸಿನಲ್ಲಿ ವರ್ಷ ವರ್ಷವೂ ಸದ್ದಿಲ್ಲದೆ ತಂಗುವ ದ್ವೇಷ. ಹೂಳು ತುಂಬಿದ ಕೆರೆಯು ಮೇಲೆ ನೋಡಿದವರಿಗೆ ತುಂಬಿದಂತೆಯೇ ಕಾಣುವುದು; ಬೇಸಗೆ ಬಂದಾಗ ಅದರ ಬಡತನ ತಿಳಿಯುವುದು.

ಒಬ್ಬ ಗೃಹಸ್ಥನು ತೂಬಿನ ನೀರಿನ ಸರದಿಗಾಗಿ ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟಿರುವನೆನ್ನಿ. ಅವನು ದಿನವೂ ಮೂರು ಹೊತ್ತು ಲಿಂಗಪೂಜೆ ಮಾಡುವನು. ಸಂಜೆ ಕೆರೆಯ ಸುತ್ತ ನಡೆಯುವಾಗ ಮಾತ್ರ ತಮ್ಮನ ಹೊಲದ ಬದು ಬಂದೊಡನೆ ಮುಖ ತಿರುಗಿಸುವನು. ಹಾದಿಯೆಲ್ಲ ಸುಲಭ, ಆ ನಾಲ್ಕು ಮಾರು ಮಾತ್ರ ದುರ್ಗಮ. ಅವನ ಶ್ರೀಶೈಲವಿರುವುದು ಆ ನಾಲ್ಕು ಮಾರಿನಲ್ಲಿಯೇ. ಅಲ್ಲಿ ನಿಂತು, ಏನಪ್ಪಾ ತಮ್ಮ, ಪೈರು ಹೇಗಿದೆ, ನಾಳೆಯ ಸರದಿ ನೀನೇ ತೆಗೆದುಕೋ ಎಂದು ಅವನು ನುಡಿಯಬಲ್ಲನಾದರೆ, ಅಂಗೈಯ ಲಿಂಗಕ್ಕೆ ಮಾಡಿದ ಪೂಜೆಯು ಅಂದು ಸಂಪೂರ್ಣವಾಗುವುದು.

ಆದುದರಿಂದ ಕೆರೆಯನ್ನು ಸುತ್ತಿ ಬಂದವನು ಎಲ್ಲಿಗೆ ತಲುಪಿದನೆಂದು ಕೇಳಬೇಕಾಗಿಲ್ಲ. ಎಂತಹವನಾಗಿ ತಲುಪಿದನೆಂದು ಕೇಳಬೇಕು. ಏರಿ ಅದೇ, ನೀರು ಅದೇ, ಮನೆಯ ಬಾಗಿಲೂ ಅದೇ. ಹೊರಟಾಗ ಹೊತ್ತಿದ್ದ ನಾನೆಂಬ ಭಾರವು ಹಾದಿಯಲ್ಲಿ ಇಳಿದಿದ್ದರೆ ಆ ನಡಿಗೆಯೇ ಶಿವಯೋಗ. ಸೊನ್ನಲಿಗೆಯ ಶಿವಯೋಗಿಯ ಕೃಪೆಯು ಎಲ್ಲ ಸದ್ಭಕ್ತರ ಮನೆಗಳಲ್ಲಿ ನೀರಾಗಿ, ನೆರಳಾಗಿ ನೆಲಸಲಿ.