ಕೇಳದೆ ಕಂಡವರು

ಅಪರಿಚಿತನ ಕೈಯಲ್ಲಿ ಕತ್ತಿ. ಅದರ ಮುಂದೆ ನಮ್ಮ ಕೊರಳು. ಕಣ್ಣು ಮುಚ್ಚಿದ್ದೇವೆ, ಮನಸ್ಸು ನಿಶ್ಚಿಂತ. ಬಾಗಿಲಿಗೆ ಎರಡೆರಡು ಬೀಗ ಹಾಕುವ ನಾವು, ಒಡಹುಟ್ಟಿದವರ ಮಾತಿಗೂ ಕಾಗದಪತ್ರ ಮಾಡಿಸಿಕೊಳ್ಳುವ ನಾವು, ಕ್ಷೌರದ ಕುರ್ಚಿಯಲ್ಲಿ ಮಾತ್ರ ಯಾವ ಪ್ರಮಾಣವನ್ನೂ ಬೇಡುವುದಿಲ್ಲ. ಇಷ್ಟು ದೊಡ್ಡ ವಿಶ್ವಾಸವನ್ನು ಇಷ್ಟು ಸಲೀಸಾಗಿ ನಾವು ಇನ್ನೆಲ್ಲಿ ಇಟ್ಟಿದ್ದೇವೆ? ಅಭ್ಯಾಸದ ಮುಸುಕಿನಲ್ಲಿ ಅದು ವಿಶ್ವಾಸವೆಂದೇ ನಮಗೆ ಹೊಳೆಯುವುದಿಲ್ಲ. ದೇಶ ಬಿಟ್ಟು ಹೋದಾಗ ಆ ಮುಸುಕು ತುಸು ಸರಿಯುತ್ತದೆ.

ದಾವಣಗೆರೆಯ ಪಿ.ಜೆ. ಬಡಾವಣೆಯ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳ ಕೋಣೆ ಖಾಲಿ. ಮಗನೋ ಮಗಳೋ ಪರದೇಶದಲ್ಲಿ. ತಂದೆತಾಯಿ ಆಗೊಮ್ಮೆ ಹೋಗಿ ಮೂರು ತಿಂಗಳು ಇದ್ದು ಬರುತ್ತಾರೆ. ಹೊರಡುವಾಗ ಶೇಂಗಾಚಟ್ನಿ, ಬಿ.ಪಿ. ಮಾತ್ರೆ, ಉಣ್ಣೆಯ ಟೊಪ್ಪಿಗೆ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ಅಲ್ಲಿ ಹೋದ ಮೇಲೂ ಕೂದಲು ಬೆಳೆಯುತ್ತದೆ ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಹೀಗೆ ಜರ್ಮನಿಗೆ ಹೋಗಿದ್ದ ಬಡಾವಣೆಯ ಹಿರಿಯರೊಬ್ಬರನ್ನು ಮಗ ಒಂದು ಬೆಳಿಗ್ಗೆ ತುರ್ಕಿ ಕ್ಷೌರದಂಗಡಿಯಲ್ಲಿ ಕೂರಿಸಿ ಆಫೀಸಿಗೆ ಹೋದ. ಆ ದೇಶದ ಪಟ್ಟಣಗಳಲ್ಲಿ ತುರ್ಕಿ ಮೂಲದವರ ಇಂಥ ಅಂಗಡಿಗಳು ಧಾರಾಳ. ಹಿರಿಯರಿಗೆ ಜರ್ಮನ್ ಬಾರದು, ತುರ್ಕಿ ಬಾರದು. ಕ್ಷೌರದ ತರುಣನಿಗೆ ಇವರ ಇಂಗ್ಲಿಷು ತಿಳಿಯದು. ಬಟ್ಟೆ ಹೊದಿಸುವಾಗ ಅವನ ಬೆರಳಿಗೆ ಕೊರಳಿನ ಶಿವದಾರ ಸಿಕ್ಕಿತು. ಇವರು ತಟ್ಟನೆ ಎದೆಯ ಮೇಲೆ, ಅಂಗಿಯೊಳಗಿನ ಬೆಳ್ಳಿಯ ಕರಡಿಗೆಯ ಮೇಲೆ, ಕೈ ಇಟ್ಟುಕೊಂಡರು. ವಿವರಿಸಲು ಮಾತಿಲ್ಲ. ತರುಣ ಕ್ಷಣಕಾಲ ತಡೆದ. ದಾರವನ್ನು ಒಂದೇ ಬೆರಳಿನಲ್ಲಿ ಎತ್ತಿ, ಅದರ ಮೇಲೆ ತೆಳುಕಾಗದದ ಪಟ್ಟಿ ಸುತ್ತಿ, ಒಂದು ಕೂದಲೂ ಸೋಕದಂತೆ ಬಟ್ಟೆ ಕಟ್ಟಿದ. ಕೆಲಸವೆಲ್ಲ ಮುಗಿದು ಮುಖ ಒರೆಸುವಾಗ ಅವನ ಕೈ ಹಣೆಯ ವಿಭೂತಿಯ ಅಂಚಿಗೆ ಬಂದು ನಿಂತಿತು. ಸುತ್ತಲೂ ಒರೆಸಿ, ಮೂರೂ ಪಟ್ಟೆಗಳನ್ನು ಇದ್ದಂತೆಯೇ ಬಿಟ್ಟ. ಇವರಿಗೆ ಜೀವ ಹೋದಂತಾದದ್ದು ನಡುವೆ ಒಮ್ಮೆ ಮಾತ್ರ: ಕಿವಿಯ ರೋಮವನ್ನು ಬೆಂಕಿಯ ಕುಡಿ ತಾಗಿಸಿ ಸುಡುವುದು ತುರ್ಕಿ ಕ್ಷೌರಿಕರ ಪದ್ಧತಿ, ಅದನ್ನು ಯಾರೂ ಇವರಿಗೆ ಮೊದಲೇ ಹೇಳಿರಲಿಲ್ಲ. ಕೊನೆಗೆ ಕೈಗೆ ನಿಂಬೆಯ ಪರಿಮಳದ ನೀರು, ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. "ಅಂವ ಏನೂ ಕೇಳ್ಲಿಲ್ಲ ನೋಡ್ರಿ" ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಕ್ಷೌರದ ದರವನ್ನು ರೂಪಾಯಿಗೆ ತಿರುಗಿಸಿ ನೋಡಿ ಬೆಚ್ಚಿದ್ದನ್ನೂ ಹೇಳುತ್ತಾರೆ; ಅದು ಬೇರೆ ಮಾತು.

ಅವರನ್ನು ಕಾಡಿದ್ದು ಆ ಚಹಾ. ಅದಕ್ಕೆ ದುಡ್ಡು ಕೊಡಹೋದರೆ ತರುಣ ಎದೆಗೆ ಕೈಯೊತ್ತಿ ನಕ್ಕುಬಿಟ್ಟ. ನಾವು ಕೊಡುವುದರಲ್ಲಿ ಪಳಗಿದವರು. ಪಡೆಯುವುದರಲ್ಲಿ ಇನ್ನೂ ಕಲಿಯಬೇಕಾದವರು. ನಮ್ಮ ಮದುವೆಮನೆಗಳಲ್ಲಿ ಒಂದು ಮೂಲೆಗೆ ಮೇಜು ಹಾಕಿ ಮುಯ್ಯಿಯ ಪಟ್ಟಿ ಬರೆಯುತ್ತಾರೆ. ಯಾರು ಎಷ್ಟು, ಯಾವ ಊರು, ಎಲ್ಲವೂ ಅದರಲ್ಲುಂಟು. ನಾಳೆ ಅವರ ಮನೆಯ ಕಾರ್ಯಕ್ಕೆ ಹೊರಡುವ ಮುನ್ನ ಆ ಪುಸ್ತಕ ತೆರೆದು ನೋಡುತ್ತೇವೆ. ಇದು ಕ್ಷುದ್ರತೆಯಲ್ಲ, ಬಾಂಧವ್ಯದ ಗಣಿತ. ನೆಂಟಸ್ತಿಕೆ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಆದರೆ ಅಪರಿಚಿತನ ಉಪಕಾರ ಯಾವ ಪುಟಕ್ಕೂ ಸೇರುವುದಿಲ್ಲ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅವನ ಮನೆಯ ಮದುವೆಗೆ ನಮಗೆ ಕರೆಯೋಲೆ ಬರುವುದಿಲ್ಲ. ತೀರಿಸಲಾಗದ ಋಣದ ಎದುರು ಮನಸ್ಸು ಚಡಪಡಿಸುತ್ತದೆ. ಜೇಬಿಗೆ ಕೈ ಹೋಗುವುದು ಅದಕ್ಕೇ. ನಮ್ಮ ಎಷ್ಟೋ ಔದಾರ್ಯದ ಒಳಗೆ ಈ ಅಂಜಿಕೆ ಕುಳಿತಿರುತ್ತದೆ.

ಮುಯ್ಯಿಯ ಪುಸ್ತಕಕ್ಕೆ ಸಿಗದ ಋಣ ಇತಿಹಾಸದಲ್ಲೂ ಉಂಟು. 16ನೇ ಶತಮಾನದಲ್ಲಿ, ಸದಾಶಿವರಾಯನ ಹೆಸರಿನಲ್ಲಿ ರಾಮರಾಯನೇ ವಿಜಯನಗರದ ಆಡಳಿತ ನಡೆಸುತ್ತಿದ್ದಾಗ, ಕೊಂಡೋಜನೆಂಬ ಕ್ಷೌರಿಕನ ಮೇಲೆ ಅವನಿಗೆ ಪ್ರಸನ್ನತೆಯುಂಟಾಯಿತು. ಪ್ರತಿಫಲ ಆ ಒಬ್ಬನಲ್ಲೇ ನಿಲ್ಲಲಿಲ್ಲ. ಕ್ಷೌರಿಕರ ಮೇಲಿನ ತೆರಿಗೆಗಳೇ ಮನ್ನಾ ಆದವು. ಬಾದಾಮಿಯ ಶಾಸನವೂ ಸೇರಿ ಹಲವು ಕಲ್ಲುಗಳು ಇದನ್ನು ಹೇಳುತ್ತವೆ. ಒಂದು ಗಲ್ಲದ ಮೇಲೆ ನವಿರಾಗಿ ಓಡಿದ ಕತ್ತಿಗೆ, ರಾಮರಾಯನ ಮುಖವನ್ನೇ ಕಾಣದ ಎಷ್ಟು ಮಂದಿಯ ಹೊರೆ ಇಳಿಯಿತೋ!

ಆದರೂ ಪರಿಚಯವೇ ಪ್ರೀತಿಯ ಮೂಲವೆಂದು ನಾವು ನಂಬಿದ್ದೇವೆ. ನಮ್ಮ ಹಳ್ಳಿಗಳ ನೆನಪು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹಳ್ಳಿಯ ಕ್ಷೌರಿಕ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ವರ್ಷದ ಕಾಳು ಒಯ್ಯುತ್ತಿದ್ದ. ಅವನಿಗೆ ಪ್ರತಿ ತಲೆಯ ಸುಳಿಯೂ ಗೊತ್ತು, ಪ್ರತಿ ಮನೆಯ ಕುಲವೂ ಗೊತ್ತು. ಕುಲ ಗೊತ್ತಿದ್ದರಿಂದಲೇ ಕೆಲವರ ತಲೆಗೆ ಅವನ ಕೈ ಬರಲಿಲ್ಲ, ಊರು ಬರಗೊಡಲಿಲ್ಲ. ಅವನಿಗೂ ನಾವು ಹಿತ್ತಿಲನ್ನೇ ತೋರಿಸಿದೆವು. ಮದುವೆಯ ಶಾಸ್ತ್ರಕ್ಕೆ ಅವನು ಬೇಕು. ಪ್ರಯಾಣಕ್ಕೆ ಹೊರಟಾಗ ಎದುರಾಗಬಾರದು. ಹತ್ತಿಗಿರಣಿಗಳ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಂದ ದಾವಣಗೆರೆಗೆ ಕೂಲಿಗೆ ಬಂದವರಲ್ಲಿ, ಯಾರ ಮಗನೆಂದು ಕೇಳದ ಕುರ್ಚಿಯಲ್ಲಿ ಮೊದಲ ಸಲ ಕುಳಿತವರು ಇದ್ದಿರಲೇಬೇಕು. ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಇಂದಿಗೂ ಬರುತ್ತದೆ. ನಮ್ಮನ್ನು ಅರಿಯದವನು ನಮ್ಮನ್ನು ಹೊರಗಿಡಲೂ ಅರಿಯ. ಅಪರಿಚಯಕ್ಕೂ ತನ್ನದೇ ಒಂದು ಕರುಣೆ ಉಂಟು.

ಇಲ್ಲಿಗೆ ನಿಲ್ಲಿಸಿದರೆ ಮಾತು ಹಿತವಾಗಿರುತ್ತದೆ, ಅರ್ಧ ಮಾತ್ರ ನಿಜವಾಗಿರುತ್ತದೆ. ಕೇಳದಿರುವುದಕ್ಕೆ ಎರಡು ಮುಖ. ಒಂದು ಗೌರವ, ಇನ್ನೊಂದು ಉಪೇಕ್ಷೆ. ಹೊರಗಿನಿಂದ ಎರಡೂ ಒಂದೇ ಮೌನ. ಇಂದು ರಾಮ್ ಅಂಡ್ ಕೋ ವೃತ್ತದ ಆಸುಪಾಸಿನಲ್ಲಿ ಆಗಲಿ, ಹರಿಹರದ ಪೇಟೆಯಲ್ಲಾಗಲಿ, ಕ್ಷೌರದಂಗಡಿಗೆ ಹೋದರೆ ಕತ್ತರಿ ಹಿಡಿದವನು ಬಿಹಾರದ ಅಥವಾ ಉತ್ತರ ಪ್ರದೇಶದ ಹುಡುಗನಾಗಿರುವುದು ಅಪರೂಪವಲ್ಲ. "ಸಣ್ಣ ಮಾಡ್ಲಾ ಸರ್?" ಎಂಬಷ್ಟು ಕನ್ನಡ ಅವನಿಗೆ ಬಂದಿದೆ. ಅವನಿಗೆ ಇದು ಪರದೇಶ, ಅಪರಿಚಿತರು ನಾವು. ನಾವೂ ಅವನನ್ನು ಏನೂ ಕೇಳುವುದಿಲ್ಲ. ಕನ್ನಡಿಯಲ್ಲಿ ನಮ್ಮ ಮುಖ ಕಾಣುತ್ತದೆ, ಅದರ ಹಿಂದೆಯೇ ಅವನ ಮುಖವೂ ಕಾಣುತ್ತದೆ. ನಾವು ಒಂದನ್ನಷ್ಟೇ ನೋಡುತ್ತೇವೆ. ಮಂಗಳವಾರ ಅಂಗಡಿಗೆ ರಜೆ. ಆ ದಿನ ಅವನು ಎಲ್ಲಿ ಉಣ್ಣುತ್ತಾನೆ, ಯಾರೊಡನೆ ಮಾತನಾಡುತ್ತಾನೆ? ಜರ್ಮನಿಯ ತರುಣನೂ ಏನೂ ಕೇಳಲಿಲ್ಲ. ಆದರೆ ಅವನ ಬೆರಳು ದಾರವನ್ನು ಗುರುತಿಸಿತು. ದಾರ ಯಾವುದೆಂದು ತಿಳಿಯದೆಯೂ, ಅದು ಯಾರಿಗೋ ಅಮೂಲ್ಯವೆಂದು ತಿಳಿಯಿತು.

ಕಳೆದ ದೀಪಾವಳಿ ಮುಗಿದ ವಾರ ಬಡಾವಣೆಯ ಒಂದು ಅಂಗಡಿಯಲ್ಲಿ ಹುಡುಗ ಮಷೀನು ನಿಲ್ಲಿಸಿ, ಕುರ್ಚಿಯಲ್ಲಿದ್ದವರನ್ನು ಹಿಂದಿಯಲ್ಲಿ ತಾನೇ ಕೇಳಿದ: ಇಲ್ಲಿ ನದಿ ಎಲ್ಲಿದೆ? ಕಾರ್ತಿಕ ಶುದ್ಧ ಷಷ್ಠಿಯ ಛಠ್ ಪೂಜೆಗೆ ನೀರಿನಲ್ಲಿ ನಿಂತು ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಡಬೇಕಂತೆ. ಅವನು ಈ ಊರಿಗೆ ಬಂದು ಎರಡು ವರ್ಷ. 14 ಕಿಲೋಮೀಟರ್ ದೂರದ ತುಂಗಭದ್ರೆಯನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅರ್ಧ ಕ್ಷೌರದ ತಲೆಯಲ್ಲೇ ಆ ಗಿರಾಕಿ, ತಮಗೆ ಬಂದಷ್ಟು ಹಿಂದಿಗೆ ಕನ್ನಡ ಬೆರೆಸಿ, "ಹರಿಹರಕ್ಕ ಹೋಗಪ್ಪ, ಹೊಳೆ ಐತಿ" ಎಂದು ಶುರುಮಾಡಿದರು. ಬಸ್ಸು ಎಲ್ಲಿ ಹತ್ತಬೇಕು, ಹರಿಹರೇಶ್ವರನ ಗುಡಿಗೆ ಹೇಗೆ ಹೋಗಬೇಕು, ಅಲ್ಲಿಂದ ಹೊಳೆಗೆ ದಾರಿ ಯಾವುದು, ನೀರು ಎಷ್ಟಿದ್ದರೆ ಇಳಿಯಬಾರದು, ಎಲ್ಲ ಹೇಳಿದರು. ಆಮೇಲೆ ಅವನ ಊರಿನ ನದಿಯ ಹೆಸರು ಕೇಳಿದರು. ಸರಯೂ, ಎಂದ. ಪಕ್ಕದ ಬೆಂಚಿನಲ್ಲಿ ಸರದಿಗೆ ಕಾದಿದ್ದವರು ಪತ್ರಿಕೆ ಮಡಿಚಿಟ್ಟು, ಅದು ಅಯೋಧ್ಯೆಯ ಹೊಳೆಯೇ ಏನು ಎಂದು ವಿಚಾರಿಸತೊಡಗಿದರು. ಮಾತು ಬೆಳೆಯಿತು. ಅರ್ಧಕ್ಕೆ ನಿಂತ ಕ್ಷೌರ ಮುಗಿಯಲು ಹೊತ್ತಾಯಿತು. ಯಾರೂ ಗಡಿಯಾರ ನೋಡಲಿಲ್ಲ.