ಹೆಬ್ಬಾಳ: ನೋಡಿ ಪೆರ್ಬೊಳಲ್ ನಾಡು

ಬೆಂಗಳೂರಿನ ಗಂಗಾನಗರದಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ತುಸು ಹೊತ್ತಿನಲ್ಲೇ ಹೆಬ್ಬಾಳ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಾದಾಡಿ ಮಡಿದ ಕಿತ್ತಯ್ಯನ ಹೆಸರು ಅದರಲ್ಲಿದೆ. ಹೆಬ್ಬಾಳದ ಸೀಮೆಗೆ ಅಲ್ಲಿರುವ ಹೆಸರು ಮಾತ್ರ ಪೆರ್ಬೊಳಲ್ ನಾಡು.

ಆ ಶಾಸನಪಾಠದಲ್ಲಿ ಈಗಿನ ಹುಡುಗಿಯೊಬ್ಬಳು ‘ಹೆಬ್ಬಾಳ’ ಎಂದು ಹುಡುಕಿದರೆ ಕಂಪ್ಯೂಟರಿಗೆ ಏನೂ ಸಿಗದು. ಅಲ್ಲಿ ಆ ಅಕ್ಷರಗಳೇ ಇಲ್ಲವಲ್ಲ! ಓದಿ ಬಲ್ಲವರು ಪದಸೂಚಿಯಲ್ಲಿ ‘ಹೆಬ್ಬಾಳ: ನೋಡಿ ಪೆರ್ಬೊಳಲ್ ನಾಡು’ ಎಂದು ಒಂದು ಸಾಲು ಸೇರಿಸಿದರೆ, ಹನ್ನೆರಡು ಶತಮಾನದ ಆಚೆಗಿನ ತನ್ನ ಊರು ಅವಳಿಗೆ ಸಿಗುತ್ತದೆ.

ಯಂತ್ರದ ಸೂಚಿಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಯಾವ ಪದ ಯಾವ ಯಾವ ವಚನದಲ್ಲಿದೆ ಎಂದು ‘ವಚನ ಸಂಚಯ’ ಜಾಲತಾಣ ಕ್ಷಣದಲ್ಲಿ ತೋರಿಸುತ್ತದೆ. ಚೀಟಿ ಬರೆದು ಜೋಡಿಸುವುದಾದರೆ ಅದು ವರ್ಷಗಟ್ಟಲೆಯ ದುಡಿಮೆ. ಆದರೆ ಕನ್ನಡದ ಪದ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಮರ, ಮರದ, ಮರಕ್ಕೆ ಆಗುತ್ತದೆ; ಸಂಧಿಯಾದರೆ ‘ಕಾಡು’ ಹೋಗಿ ‘ಬೆಂಗಾಡು’ ಬರುತ್ತದೆ. ಇನ್ನು, ಹಸಿವು ಎಂಬ ಮಾತೇ ಇಲ್ಲದೆ ಹಸಿವನ್ನು ಹೇಳಿದ ಪುಟವನ್ನು ಪದ ಎಣಿಸುವ ಯಂತ್ರ ಹೇಗೆ ಗುರುತಿಸೀತು?

ಸಿಂಡೆಕ್ಸ್, ಮ್ಯಾಕ್ರೆಕ್ಸ್‌ನಂಥ ತಂತ್ರಾಂಶಗಳು ಪದಸೂಚಿಯ ಕೆಲಸಕ್ಕೆಂದೇ ಇವೆ. ಅವು ಅಕಾರಾದಿಯಾಗಿ ಜೋಡಿಸುತ್ತವೆ, ಪುಟಸಂಖ್ಯೆಗಳನ್ನು ಒಗ್ಗೂಡಿಸುತ್ತವೆ. ಆದರೆ ಯಾವುದು ಸೂಚಿಗೆ ಬರಬೇಕೆಂದು ತೀರ್ಮಾನಿಸುವವರು ಪುಸ್ತಕ ಓದಿದವರೇ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಇದೇ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು (ಡಿ.ಆರ್.ಟಿ.ಸಿ.) ಕಟ್ಟಿದರು. ಅಲ್ಲಿ ಗಣೇಶ್ ಭಟ್ಟಾಚಾರ್ಯ ‘ಪಾಪ್ಸಿ’ ಎಂಬ ವಿಷಯಸೂಚಿ ಪದ್ಧತಿಯನ್ನು ರೂಪಿಸಿದರು. ಅದರಲ್ಲೂ ಮೊದಲ ಹೆಜ್ಜೆ, ಬರಹ ಯಾವುದರ ಕುರಿತದ್ದು ಎಂದು ಮನುಷ್ಯ ಬಿಡಿಸಿ ನೋಡುವುದೇ.

ಇಂಥ ಊರಲ್ಲೂ ನಮ್ಮ ಎಷ್ಟೋ ಒಳ್ಳೆಯ ಕನ್ನಡ ಪುಸ್ತಕಗಳು ಪದಸೂಚಿಯಿಲ್ಲದೆ ಅಚ್ಚಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಪುಟ ವಿನ್ಯಾಸ ಮುಗಿದ ಮೇಲಷ್ಟೇ ಪುಟಸಂಖ್ಯೆ ಖಚಿತವಾಗುವುದು. ಅಷ್ಟರಲ್ಲಿ ಬಿಡುಗಡೆಯ ದಿನ ಗೊತ್ತಾಗಿರುತ್ತದೆ, ಸೂಚಿ ಕೈಬಿಟ್ಟುಹೋಗುತ್ತದೆ. ಪ್ರಕಾಶಕರೇ, ಆ ದಿನವನ್ನು ಎರಡು ವಾರ ಮುಂದಕ್ಕೆ ಹಾಕಿ. ಪದಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆಸಿ, ಪುಸ್ತಕವನ್ನು ಪೂರ್ತಿ ಓದಿದ ಒಬ್ಬರ ಕೈಗೆ ಕೊಡಿ. ಅವರ ಸಂಭಾವನೆಯನ್ನೂ ಅಚ್ಚಿನ ಖರ್ಚಿನಲ್ಲೇ ಸೇರಿಸಿ.