ಹಿತ್ತಿಲ ನೀರು ಯಾರದು?

ಕಾಮಸಮುದ್ರದ ಕಡೆ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುವುದು ಹಳೆಯ ಪದ್ಧತಿ. ಮುಂಗಾರಿನಲ್ಲಿ ಬಿತ್ತಿದ ಅವರೆ ಮಾಗಿಯ ಇಬ್ಬನಿಗೆ ಸೊಗಡು ತುಂಬಿಕೊಳ್ಳುತ್ತದೆ, ಋತುವಿಗಾಗಿ ಕಾಯುತ್ತದೆ. ಬೇಸಗೆಯ ಟೊಮ್ಯಾಟೊ ಹಾಗಲ್ಲ; ಅದಕ್ಕೆ ಕೊಳವೆಬಾವಿಯೇ ಗತಿ.

ಬಾವಿ ನನ್ನದು, ನೀರೂ ನನ್ನದೇ? ನೆಲದಡಿಯ ನೀರನ್ನು ಒಡೆಯ ತೆಗೆದುಕೊಳ್ಳಬಹುದೆಂದಿತು 1882ರ ಈಸ್‌ಮೆಂಟ್ ಕಾಯಿದೆ. ಆದರೆ ನೀರು ಬೇಲಿಯನ್ನರಿಯದು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದಲ್ಲಿ ನಾನು ಆಳಕ್ಕಿಳಿದಷ್ಟೂ ನೆರೆಯವನ ಬಾವಿ ಬತ್ತೀತು. ಎಷ್ಟು ತೆಗೆಯಬಹುದೆಂದು ಹೇಳುವುದು ಹಕ್ಕು. ಎಷ್ಟು ಉಳಿಸಬೇಕೆಂದು ಹೇಳುವುದು ಧರ್ಮ. ಆದುದರಿಂದ ಬೇಸಗೆಯಲ್ಲಿ ನನ್ನ ಹಿತ್ತಿಲ ಪಾತಿಗಳು ಬರಿದಾಗಿರುತ್ತವೆ.

ನಾನು ಬಿಟ್ಟುದನ್ನು ಇನ್ನೊಬ್ಬ ಎತ್ತಿಯಾನು ಎಂಬ ಆಕ್ಷೇಪವುಂಟು. ಎತ್ತಬಹುದು. ಆದರೆ ಅವನ ಆಸೆ ನನ್ನ ಆಸೆಗೆ ಅಪ್ಪಣೆಯ ಚೀಟಿಯಾಗಲಾರದು.